ಚಿಮ್ನಿಯ ಗಟ್ಟಿ ಜಿಡ್ಡು: ಬ್ಯಾಫಲ್, ಜಾಲರಿ, ಬ್ಲೋವರ್ – ಯಾವುದಕ್ಕೆ ಯಾವ ಮದ್ದು?

ಒಗ್ಗರಣೆ_ಸೌಟು
60 ಸೆಂ.ಮೀ. ಗೋಡೆ ಚಿಮ್ನಿ, ಎರಡು ಬ್ಯಾಫಲ್ ಫಿಲ್ಟರ್ (ಮಡಿಕೆ ಮಡಿಕೆಯ ಲೋಹದ್ದು), 6 ಇಂಚಿನ ಡಕ್ಟ್ (ಹೊಗೆ ಹೊರಹೋಗುವ ಪೈಪ್). ದಿನಕ್ಕೆ ಎರಡು ಹೊತ್ತು ಒಗ್ಗರಣೆ, ವಾರಕ್ಕೊಮ್ಮೆ ಪೂರಿಯೋ ಬೋಂಡಾವೋ ಕರಿಯುವುದು ಇದ್ದೇ ಇದೆ. ಎಣ್ಣೆ ಸೂರ್ಯಕಾಂತಿ. ಫಿಲ್ಟರ್ ಬಿಚ್ಚಿ ಎಂಟು ತಿಂಗಳಾಗಿದೆ. ಮಧ್ಯದಲ್ಲಿ ಜೇನಿನ ಬಣ್ಣದ ಅಂಟು, ಮುಟ್ಟಿದರೆ ಬೆರಳಿಗೆ ಎಳೆ ಎಳೆಯಾಗಿ ಬರುತ್ತದೆ. ಅಂಚುಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ವಾರ್ನಿಷ್ ಬಳಿದಂತೆ ಗಟ್ಟಿಯಾಗಿದೆ, ಉಗುರು ತಾಗಿದರೆ ಜಾರುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಅರ್ಧ ಗಂಟೆ ನೆನೆಸಿದರೆ ಅಂಟು ಹೋಯಿತು, ಕಂದು ಪದರ ಹಾಗೇ ಉಳಿಯಿತು. ಮೂರನೇ ಸ್ಪೀಡಿನಲ್ಲಿ ಇಟ್ಟರೂ ಹೊಗೆ ಪೂರ್ತಿ ಎಳೆಯುತ್ತಿಲ್ಲ, ಸದ್ದು ಮಾತ್ರ ಜಾಸ್ತಿ. ಕಂದು ಪದರಕ್ಕೆ ಏನು ಹಾಕಬೇಕು, ಎಷ್ಟು ಹಾಕಬೇಕು? ಎಳೆತ ಕಡಿಮೆಯಾಗಿರುವುದು ಫಿಲ್ಟರಿನಿಂದಲೇ ಇರಬಹುದೇ?

ಸೋಡಾ_ಸೀಗೆ
ನೀವು ವಿವರಿಸಿರುವುದು ಎರಡು ಬೇರೆ ಬೇರೆ ವಸ್ತು. ಅದನ್ನು ಬೇರ್ಪಡಿಸಿ ನೋಡಿದರೆ ಅರ್ಧ ಕೆಲಸ ಮುಗಿಯಿತು.

ಜೇನಿನ ಬಣ್ಣದ್ದು ಇನ್ನೂ ಎಣ್ಣೆಯೇ. ಬಿಸಿಗೆ ತೆಳುವಾಗುತ್ತದೆ, ಸೋಪಿಗೆ ಬಿಡುತ್ತದೆ. ಕಂದು ಪದರ ಈಗ ಎಣ್ಣೆಯಾಗಿ ಉಳಿದಿಲ್ಲ. ಸೂರ್ಯಕಾಂತಿ, ಕುಸುಬಿ, ಸೋಯಾ ಎಣ್ಣೆಗಳ ಅಣುಗಳು ಬಿಸಿ ಮತ್ತು ಗಾಳಿಯಲ್ಲಿರುವ ಆಮ್ಲಜನಕ ಸೇರಿದಾಗ ಒಂದಕ್ಕೊಂದು ಹೆಣೆದುಕೊಂಡು ರಾಳದಂತೆ ಕಟ್ಟಿಕೊಳ್ಳುತ್ತವೆ. ಕುಸುಬಿ ಎಣ್ಣೆಯನ್ನು ಬಣ್ಣದ ತಯಾರಿಕೆಯಲ್ಲಿ ಬಳಸುವುದೂ ಇದೇ ಗುಣಕ್ಕಾಗಿ. ಹೀಗೆ ಕಟ್ಟಿಕೊಂಡ ಪದರವನ್ನು ಸೋಪು ಎತ್ತಲಾರದು, ಏಕೆಂದರೆ ಸೋಪು ದ್ರವ ಎಣ್ಣೆಯನ್ನು ನೀರಿನಲ್ಲಿ ತೇಲಿಸುತ್ತದೆ ಅಷ್ಟೇ. ಇದಕ್ಕೆ ಬೇಕಿರುವುದು ಕ್ಷಾರ, ಬಿಸಿ ಮತ್ತು ಸಮಯ. ಕ್ಷಾರ ಆ ಹೆಣಿಗೆಯ ಕೊಂಡಿಗಳನ್ನು ನಿಧಾನವಾಗಿ ಕತ್ತರಿಸಿ, ಒಂದಿಷ್ಟು ಭಾಗವನ್ನು ಅಲ್ಲೇ ಸೋಪಾಗಿ ಮಾಡುತ್ತದೆ. ಹಿತ್ತಾಳೆ ಪಾತ್ರೆಯ ಜಿಡ್ಡನ್ನು ಬೂದಿ ಹಾಕಿ ತಿಕ್ಕುತ್ತಿದ್ದುದೂ ಇದೇ ಲೆಕ್ಕ. ಸೌದೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ.

ಮನೆಯಲ್ಲಿ ಸಿಗುವ ಕ್ಷಾರಗಳು ಮೂರು. ಅಡುಗೆ ಸೋಡಾದ ದ್ರಾವಣದ ಪಿಎಚ್ (ಕ್ಷಾರದ ಬಲ ತೋರಿಸುವ ಅಂಕಿ; 7ಕ್ಕಿಂತ ಮೇಲೇರಿದಷ್ಟೂ ಕ್ಷಾರ ಹೆಚ್ಚು) 8.3ರ ಸುಮಾರು, ಗಟ್ಟಿ ಪದರಕ್ಕೆ ಸಾಲದು. ವಾಷಿಂಗ್ ಸೋಡಾ, ಅಂದರೆ ಬಟ್ಟೆ ಸೋಡಾ, 11ರ ಆಸುಪಾಸು. ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕಾಸ್ಟಿಕ್ ಸೋಡಾ 13ಕ್ಕಿಂತ ಮೇಲೆ, ಜಿಡ್ಡಿನ ಜತೆಗೆ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಮನೆಯ ಫಿಲ್ಟರಿಗೆ ಅದರ ಅಗತ್ಯ ಬೀಳುವುದೇ ಇಲ್ಲ. ವಾಷಿಂಗ್ ಸೋಡಾವನ್ನು ಬಿಸಿನೀರಿನಲ್ಲಿ ಎರಡು ಗಂಟೆ ಕೊಟ್ಟರೆ ಸಾಕು.

ಮೈಸೂರು_ಒರಳು
ಮೊದಲು ಫಿಲ್ಟರ್ ಯಾವ ಲೋಹದ್ದು ಅಂತ ಖಾತ್ರಿ ಮಾಡಿಕೊಳ್ಳಿ. ಫ್ರಿಜ್ ಮೇಲಿನ ಮ್ಯಾಗ್ನೆಟ್ ತಂದು ಹಿಡಿಯಿರಿ. ಅಂಟಿಕೊಂಡರೆ ಸ್ಟೀಲ್, ಅನುಮಾನವಿಲ್ಲ. ಅಂಟದಿದ್ದರೆ 304 ದರ್ಜೆಯ ಸ್ಟೀಲೂ ಇರಬಹುದು, ಅಲ್ಯೂಮಿನಿಯಮ್ಮೂ ಇರಬಹುದು. ಆಗ ತೂಕ ನೋಡಿ. ಒಂದೇ ಅಳತೆಯ ಅಲ್ಯೂಮಿನಿಯಂ ಸ್ಟೀಲಿನ ಮೂರನೇ ಒಂದು ಭಾಗ ತೂಗುತ್ತದೆ. ಇನ್ನೂ ಸಂಶಯವಿದ್ದರೆ ಕಾಣದ ಮೂಲೆಯಲ್ಲಿ ಬಿಸಿ ವಾಷಿಂಗ್ ಸೋಡಾ ನೀರಿನ ಎರಡು ಹನಿ ಬಿಟ್ಟು ಐದು ನಿಮಿಷ ಕಾಯಿರಿ. ಸಣ್ಣ ಗುಳ್ಳೆ ಬಂದರೆ, ಹನಿ ಬಿದ್ದ ಜಾಗ ಮಂಕಾದರೆ ಅಲ್ಯೂಮಿನಿಯಂ.

ಸ್ಟೀಲ್ ಬ್ಯಾಫಲ್ ಎಂದು ಇಟ್ಟುಕೊಂಡು ಹೇಳುತ್ತೇನೆ.

ಬಿಚ್ಚುವ ಮುಂಚೆ ಒಲೆಯ ಮೇಲೆ ಹಳೆ ಪೇಪರ್ ಹಾಸಿ. ಫಿಲ್ಟರಿನ ಹಿಡಿ ಒತ್ತಿ ಮುಂದಕ್ಕೆ ಎಳೆಯುವಾಗ ಒಳಗಿನ ತಟ್ಟೆಯಲ್ಲಿ ನಿಂತ ಎಣ್ಣೆ ಚೆಲ್ಲುತ್ತದೆ. ನೀರು ಮುಟ್ಟಿಸುವ ಮೊದಲು, ಫಿಲ್ಟರ್ ಒಣಗಿದ್ದಾಗಲೇ ಹಸಿ ಜಿಡ್ಡನ್ನು ತೆಗೆಯಿರಿ. ಹಳೆ ಎಟಿಎಂ ಕಾರ್ಡಿನ ಅಂಚಿನಲ್ಲಿ ಕೆರೆದು, ಮೇಲೆ ಎರಡು ಹಿಡಿ ಹಳೆ ಕಡಲೆ ಹಿಟ್ಟನ್ನೋ ಮರದ ಪುಡಿಯನ್ನೋ ಉದುರಿಸಿ ಹತ್ತು ನಿಮಿಷ ಬಿಟ್ಟು ಪೇಪರಿನಲ್ಲಿ ಒರೆಸಿ. ಹೀಗೆ ಒರೆಸಿದ್ದು ನಲ್ಲಿಯ ಕೆಳಗಿನ ಪೈಪಿಗೆ ಹೋಗುವುದಿಲ್ಲ. ನೇರವಾಗಿ ಬಿಸಿನೀರು ಸುರಿದರೆ ಕರಗಿದ ಜಿಡ್ಡು ಸಿಂಕಿನ ಬಾಗಿದ ಪೈಪಿನಲ್ಲಿ ತಣ್ಣಗಾಗಿ ಮತ್ತೆ ಗಟ್ಟಿಯಾಗುತ್ತದೆ.

ದ್ರಾವಣದ ಅಳತೆ: 5 ಲೀಟರ್ ನೀರು, 60–70 ಡಿಗ್ರಿ ಬಿಸಿ. ಥರ್ಮಾಮೀಟರ್ ಇಲ್ಲದಿದ್ದರೆ 3 ಲೀಟರ್ ಕುದಿಯುವ ನೀರಿಗೆ 2 ಲೀಟರ್ ನಲ್ಲಿ ನೀರು ಸೇರಿಸಿ. ಅದಕ್ಕೆ 100 ಗ್ರಾಂ ವಾಷಿಂಗ್ ಸೋಡಾ ಪುಡಿ. ಅಂಗಡಿಯಲ್ಲಿ ಹರಳು ಸೋಡಾ ಸಿಕ್ಕಿದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ, ಆದ್ದರಿಂದ 250 ಗ್ರಾಂ ಹಾಕಿ. ಸೋಡಾ ಪೂರ್ತಿ ಕರಗಿದ ಮೇಲೆ ಎರಡು ದೊಡ್ಡ ಚಮಚ ಪಾತ್ರೆ ಲಿಕ್ವಿಡ್. ಕೈಗೆ ರಬ್ಬರ್ ಗ್ಲೌಸ್ ಇರಲೇಬೇಕು.

ಫಿಲ್ಟರ್ ಪೂರ್ತಿ ಮುಳುಗುವ ಟಬ್ ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಕಸದ ಚೀಲವನ್ನು ಬಾತ್‌ರೂಮಿನ ನೆಲದಲ್ಲಿ ಹಾಸಿ, ಫಿಲ್ಟರನ್ನು ಒಳಗಿಟ್ಟು, ದ್ರಾವಣ ಸುರಿದು ಬಾಯಿ ಮಡಚಿಡಿ. ಬಿಸಿಯೂ ಬೇಗ ಆರುವುದಿಲ್ಲ. ಸಾಧಾರಣ ಜಿಡ್ಡಿಗೆ 40 ನಿಮಿಷ. ನಿಮ್ಮದಕ್ಕೆ ಎರಡರಿಂದ ಮೂರು ಗಂಟೆ, ನಡುವೆ ಒಮ್ಮೆ ತಣ್ಣಗಾದ ನೀರಿನ ಅರ್ಧ ಚೆಲ್ಲಿ ಬಿಸಿ ದ್ರಾವಣ ಸೇರಿಸಿ. ಕಂದು ಪದರ ಮೆತ್ತಗಾಗಿ, ನೆನೆದ ಕಾಗದದಂತೆ ಸುಕ್ಕುಗಟ್ಟಿ ಅಂಚಿನಿಂದ ಏಳಲು ಶುರುವಾಗುತ್ತದೆ. ಆಗ ಬ್ರಷ್ ಹಿಡಿಯಿರಿ, ಅದಕ್ಕೂ ಮೊದಲು ಬೇಡ. ಪದರ ಏಳದೆ ತಿಕ್ಕಿದರೆ ಕೈ ನೋವು, ಸ್ಟೀಲಿಗೆ ಗೀರು.

ಬ್ಯಾಫಲಿನ ಮಡಿಕೆಗಳ ಒಳಗೆ ಹಳೆ ಹಲ್ಲುಜ್ಜುವ ಬ್ರಷ್, ಮೂಲೆಗೆ ಬಿದಿರು ಕಡ್ಡಿ. ಕಬ್ಬಿಣದ ನಾರು ಬೇಡ. ಅದರ ಚೂರು ಸ್ಟೀಲಿನಲ್ಲಿ ಸಿಕ್ಕಿಕೊಂಡು ವಾರದೊಳಗೆ ತುಕ್ಕಿನ ಚುಕ್ಕೆ ಬರುತ್ತದೆ.

ಹೆಂಚಿನ_ಮನೆ
ನಮ್ಮದು ಹಳೆ ಮಾದರಿ, ಪದರ ಪದರದ ಜಾಲರಿ ಫಿಲ್ಟರ್, ಅಲ್ಯೂಮಿನಿಯಂ. ಸೋಡಾ ನೀರಿನಲ್ಲಿಟ್ಟರೆ ಏನಾಗುತ್ತದೆ?

ಸೋಡಾ_ಸೀಗೆ
ಕಪ್ಪಾಗುತ್ತದೆ, ಆಮೇಲೆ ತೆಳುವಾಗಿ ಹರಿದುಹೋಗುತ್ತದೆ. ಅಲ್ಯೂಮಿನಿಯಂ ಆಮ್ಲಕ್ಕೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ. ಕಾಸ್ಟಿಕ್ ಬಿದ್ದರಂತೂ ಬುಸುಗುಟ್ಟಿ ಹೈಡ್ರೋಜನ್ ಅನಿಲ ಬರುತ್ತದೆ. ಬೆಂಕಿ ಹತ್ತಿಕೊಳ್ಳುವ ಅನಿಲ ಅದು, ಪಕ್ಕದಲ್ಲಿ ಒಲೆ ಉರಿಯುತ್ತಿದ್ದರೆ ಅಪಾಯ.

ಜಾಲರಿಗೆ 50–55 ಡಿಗ್ರಿ ನೀರು 5 ಲೀಟರ್, ಪಾತ್ರೆ ಲಿಕ್ವಿಡ್ ನಾಲ್ಕು ದೊಡ್ಡ ಚಮಚ, ಬೇಕಿದ್ದರೆ ಒಂದು ಚಮಚ ಅಡುಗೆ ಸೋಡಾ. 20 ನಿಮಿಷ ಮೀರಬೇಡಿ. ಸಾಲದಿದ್ದರೆ ಹೊಸ ನೀರು ಮಾಡಿ ಇನ್ನೊಮ್ಮೆ ನೆನೆಸಿ. ಒಂದು ಮಾತು ಗಮನದಲ್ಲಿರಲಿ: ಅಡುಗೆ ಸೋಡಾ ಹಾಕಿದ ನೀರನ್ನು ಕುದಿಸಿದರೆ ಅದು ಕಾರ್ಬೊನೇಟ್ ಆಗುತ್ತದೆ, ಅಂದರೆ ವಾಷಿಂಗ್ ಸೋಡಾವೇ ಆಯಿತು. ಸೌಮ್ಯವಾದದ್ದೇ ಹಾಕಿದ್ದು ಎಂದು ನಂಬಿ ಜಾಲರಿಯನ್ನು ಅದರಲ್ಲಿ ಕುದಿಸುವವರಿಗೆ ಫಿಲ್ಟರ್ ಕಪ್ಪಾಗುವುದು ಇದರಿಂದಲೇ. ಡಿಶ್‌ವಾಷರಿನ ಪುಡಿಯೂ ಕ್ಷಾರವೇ. ಸ್ಟೀಲ್ ಬ್ಯಾಫಲ್ ಅದರಲ್ಲಿ ಹಾಕಬಹುದು, ಜಾಲರಿ ಬೇಡ.

ತೊಳೆದ ಮೇಲೆ ಜಾಲರಿಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಎಲ್ಲ ಕಡೆ ಸಮವಾಗಿ ಬೆಳಕು ತೂರಬೇಕು. ಮಧ್ಯದಲ್ಲಿ ಕಪ್ಪು ತೇಪೆ ಕಂಡರೆ ಒಳಪದರದಲ್ಲಿ ರಾಳ ಕಟ್ಟಿದೆ, ಅದು ಇನ್ನು ಬಿಡುವುದಿಲ್ಲ. ಹೊಸದು ಹಾಕಿಸುವುದೇ ಸರಿ. ಜಾಲರಿಯನ್ನು 15 ದಿನಕ್ಕೊಮ್ಮೆ, ಬ್ಯಾಫಲನ್ನು ತಿಂಗಳಿಗೊಮ್ಮೆ ತೊಳೆದರೆ ವಿಷಯ ರಾಳದ ಹಂತಕ್ಕೆ ಹೋಗುವುದಿಲ್ಲ.

ನಿಂಬೆಹುಳಿ
ಅಡುಗೆ ಸೋಡಾ ಹಾಕಿ ಮೇಲೆ ವಿನೆಗರ್ ಸುರಿದರೆ ನೊರೆ ಬಂದು ಜಿಡ್ಡು ಎದ್ದುಬರುತ್ತದೆ ಎಂದು ಎಲ್ಲ ವಿಡಿಯೋಗಳಲ್ಲೂ ತೋರಿಸುತ್ತಾರೆ. ಅದೇಕೆ ಯಾರೂ ಹೇಳುತ್ತಿಲ್ಲ?

ಸೋಡಾ_ಸೀಗೆ
ಆ ನೊರೆ ಬರೀ ಇಂಗಾಲದ ಡೈಆಕ್ಸೈಡ್, ಮೇಡಂ. ಆಮ್ಲವೂ ಕ್ಷಾರವೂ ಒಂದನ್ನೊಂದು ಹೊಡೆದುಹಾಕಿ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣ ಮತ್ತು ನೀರು. ಜಿಡ್ಡು ತೆಗೆಯುವ ಶಕ್ತಿ ಎರಡಕ್ಕೂ ಹೋಯಿತು. ವಿಡಿಯೋದಲ್ಲಿ ಜಿಡ್ಡು ಹೋಗಿದ್ದರೆ ಅದು ಬಿಸಿನೀರಿನಿಂದ, ತಿಕ್ಕಿದ್ದರಿಂದ. ವಿನೆಗರ್, ನಿಂಬೆ ಬೇಡವೆಂದಲ್ಲ, ಅವುಗಳ ಸರದಿ ಕೊನೆಗೆ: ಜಿಡ್ಡು ಪೂರ್ತಿ ಹೋಗಿ, ತೊಳೆದಾದ ಮೇಲೆ ಉಳಿಯುವ ನೀರಿನ ಬಿಳಿ ಕಲೆಗೆ.

ಹುಬ್ಬಳ್ಳಿ_ಬ್ಲೋವರ್
ಎಳೆತ ಕಡಿಮಿ ಆಗೇದ, ಸದ್ದು ಹೆಚ್ಚಾಗೇದ ಅಂದ್ರಲ್ರೀ, ಅದು ಬರೀ ಫಿಲ್ಟರಿಂದನ ಇರಬೇಕಂತಿಲ್ಲ. ಫಿಲ್ಟರ್ ತಗದು, ಸ್ವಲ್ಪ ಹೊತ್ತು ಚಿಮ್ನಿ ಚಾಲೂ ಮಾಡಿ ನೋಡ್ರಿ. ಸುದ್ದಿಪತ್ರಿಕೆಯ ಒಂದು ಹಾಳಿ ಬಾಯಿ ಹತ್ರ ಎರಡೂ ಕೈಲೆ ಗಟ್ಟಿ ಹಿಡೀರಿ, ಒಳಗ ಹೋಗಗೊಡಬ್ಯಾಡ್ರಿ. ಜೋರಾಗಿ ಎಳೀತಂದ್ರ ತಪ್ಪು ಫಿಲ್ಟರಿಂದು. ಆಗ್ಲೂ ಸಡಿಲ ಎಳೀತಂದ್ರ ಬ್ಲೋವರ್ (ಗಾಳಿ ಎಳಿಯೋ ಫ್ಯಾನ್), ಫ್ಲ್ಯಾಪ್, ಡಕ್ಟ್, ಈ ಮೂರರಾಗ ಒಂದು.

ಫ್ಲ್ಯಾಪ್ ಮೊದ್ಲ ನೋಡ್ರಿ, ಯಾಕಂದ್ರ ಅದು ಭಾಳ ಸಸ್ತಾ ಕೆಲಸ. ಚಿಮ್ನಿ ಮ್ಯಾಲೆ ಡಕ್ಟ್ ಕೂಡೋ ಕಡೆ ಅರ್ಧ ಚಂದ್ರನ ಆಕಾರದ ಎರಡು ಪ್ಲಾಸ್ಟಿಕ್ ರೆಕ್ಕಿ ಇರ್ತಾವ. ಬ್ಲೋವರ್ ತಿರುಗಿದಾಗ ತೆರೀಬೇಕು, ನಿಂತಾಗ ಮುಚ್ಚಬೇಕು. ಹಿಂಜಿನಾಗ ಜಿಡ್ಡು ಕೂತು ಅರ್ಧ ತೆರದು ನಿಂತಬಿಡ್ತಾವ. ಗಾಳಿ ಹೊರಗ ಹೋಗಲಾರದ ಒಳಗ ಸುತ್ತತದ, ಅದಕ್ಕ ಸದ್ದು. ಲಿಕ್ವಿಡ್ ಹಚ್ಚಿದ ಬಟ್ಟಿಲೆ ಒರಸ್ರಿ, ಬೆರಳಿಲೆ ಹಗೂರಕ ಆಡಿಸಿ ನೋಡ್ರಿ. ಎಣ್ಣಿ, ಗ್ರೀಸ್ ಏನೂ ಬಿಡಬ್ಯಾಡ್ರಿ. ಅದಕ್ಕ ಮತ್ತ ಧೂಳು ಹತ್ತಿ ಗಟ್ಟಿ ಆಗ್ತದ.

ಇನ್ನ ಬ್ಲೋವರ್. ಬರೀ ಚಿಮ್ನಿಯ ಬಟನ್ ಆಫ್ ಮಾಡಿದ್ರ ಸಾಲಂಗಿಲ್ಲ, ಪ್ಲಗ್ ಕಿತ್ತು ಇಡ್ರಿ. ಪ್ಲಗ್ ಕೈಗೆ ಸಿಗಲಿಲ್ಲಂದ್ರ ಕರೆಂಟ್ ಬೋರ್ಡಿನ ಎಂಸಿಬಿ ಸ್ವಿಚ್ ಇಳಸ್ರಿ. ಫಿಲ್ಟರ್ ಹಿಂದಿನ ದುಂಡನ ಜಾಳಿಗಿ ಸ್ಕ್ರೂ ಬಿಚ್ಚಿದ್ರ ಗಾಲಿ ಕಾಣ್ತದ. ನಡುವಿನ ನಟ್ ಭಾಳ ಮಾಡೆಲ್‌ದಾಗ ಉಲ್ಟಾ ಎಳಿ ಇರ್ತದ, ಬಲಕ್ಕ ತಿರುವಿದ್ರ ಸಡಿಲ ಆಗ್ತದ. ನಟ್ ಮ್ಯಾಲೆ ಬಾಣದ ಗುರುತು ಇದ್ರ ಅದನ್ನ ನೋಡೇ ಕೈ ಹಚ್ಚರಿ. ಗೊತ್ತಿಲ್ಲದ ಎಡಕ್ಕ ಜಗ್ಗಿದ್ರ ಎಳಿ ಕೆಡ್ತದ. ನಟ್ ಬಿಟ್ಟ ಮ್ಯಾಲೆ ಗಾಲಿ ನೆಟ್ಟಗ ಮುಂದಕ್ಕ ಎಳೀರಿ, ಓರೆ ಮಾಡಬ್ಯಾಡ್ರಿ.

ಗಾಲಿ ಪ್ಲಾಸ್ಟಿಕ್ ಇದ್ರ 50 ಡಿಗ್ರಿಗಿಂತ ಬಿಸಿ ನೀರು ಬ್ಯಾಡ, ರೆಕ್ಕಿ ಸೊಟ್ಟಾಗ್ತಾವ. ತಗಡು ಇದ್ರ ಸತುವಿನ ಲೇಪ ಇರ್ತದ, ಇಲ್ಲಾ ಅಲ್ಯೂಮಿನಿಯಂ ಇರ್ತದ. ಎರಡಕ್ಕೂ ಸೋಡಾ ಆಗಿಬರಂಗಿಲ್ಲ, ಬರೀ ಲಿಕ್ವಿಡ್. ರೆಕ್ಕಿಗೆ ಅಲ್ಲಲ್ಲಿ ಸಣ್ಣ ತಗಡಿನ ಕ್ಲಿಪ್ ಸಿಕ್ಕಿಸಿರ್ತಾರ. ಕಸ ಅಂತ ತಿಳದು ಕಿತ್ತೊಗೀಬ್ಯಾಡ್ರಿ, ಅದು ಗಾಲಿ ತೂಕ ಸಮಾ ಮಾಡೋ ಕ್ಲಿಪ್. ಅದು ಹೋತಂದ್ರ ಗಾಲಿ ನಡಗತದ, ಬೇರಿಂಗ್ ತಿನ್ನತದ. ಜಿಡ್ಡು ಒಂದ ಕಡೆ ಹೆಚ್ಚು ಕೂತಾಗ ಆಗೋ ಗುಂಯ್ ಅನ್ನೋ ಸದ್ದೂ ಹಿಂಗ ತೂಕ ಸಮಾ ತಪ್ಪಿದ್ದಕ್ಕ. ಅದಕ್ಕ ಅರ್ಧಾ ತೊಳದು ಅರ್ಧಾ ಬಿಡಬಾರದು, ಎಲ್ಲಾ ರೆಕ್ಕಿ ಒಂದ ಸಮ ತೊಳೀರಿ.

ಮೋಟರ್ ಮ್ಯಾಲೆ ನೀರು, ಸ್ಪ್ರೇ ಯಾವದೂ ಹೊಡೀಬ್ಯಾಡ್ರಿ. ಬಟ್ಟಿಗೆ ಹಚ್ಚಿ ಒರಸ್ರಿ.

ಹೆಂಚಿನ_ಮನೆ
ಡಕ್ಟ್ ಹೇಗೆ ತೊಳೆಯುವುದು? ಸುಕ್ಕುಸುಕ್ಕಿನ ಅಲ್ಯೂಮಿನಿಯಂ ಪೈಪು.

ಹುಬ್ಬಳ್ಳಿ_ಬ್ಲೋವರ್
ಅದನ್ನ ತೊಳಿಯಾಕ ಆಗಂಗಿಲ್ರಿ. ತಗಡು ಕಾಗದದಷ್ಟ ತೆಳ್ಳಗ, ಬ್ರಷ್ ಹಾಕಿದ್ರ ಹರೀತದ. ಒಳಗ ಜಿಡ್ಡು ದಪ್ಪಾಗಿ ಕೂತಿದ್ರ ಬದಲಿ ಮಾಡ್ರಿ. ಹಾಕುವಾಗ ಪೂರಾ ಎಳದು, ಸುಕ್ಕು ಬಿಡಿಸಿ ಹಾಕಸ್ರಿ. ಮಡಚಿ ತುರುಕಿದ ಪೈಪಿನ ಸುಕ್ಕಿನಾಗ ಎಣ್ಣಿ ನಿಲ್ತದ, ಒಗ್ಗರಣಿ ಕಿಡಿ ಮ್ಯಾಲೆ ಹೋದ್ರ ಬೆಂಕಿ ಹಿಡಿಯೋದೂ ಅಲ್ಲೇ. ತಿರುವು ಎಷ್ಟು ಕಡಿಮಿ ಇರ್ತಾವೋ ಅಷ್ಟು ಛಲೋ. 6 ಇಂಚಿನ ಬಾಯಿಗೆ 4 ಇಂಚಿನ ಪೈಪ್ ಹಾಕಿದ್ರ ಗಾಳಿ ಹೋಗೋ ಜಾಗ ಅರ್ಧಕ್ಕಿಂತ ಕಡಿಮಿ ಆಗ್ತದ. ಹೊರಗಿನ ಗೋಡಿ ಬಾಯಾಗ ಗುಬ್ಬಿ, ಪಾರಿವಾಳ ಗೂಡು ಕಟ್ಟಿರ್ತಾವ. ಅದನ್ನೂ ನೋಡ್ರಿ.

ಕರಾವಳಿ_ಕಾವಲಿ
ತೆಂಗಿನೆಣ್ಣೆಯ ಅಡುಗೆ ಇರುವಲ್ಲಿ ಲೆಕ್ಕ ಸ್ವಲ್ಪ ಬೇರೆ ಉಂಟು. ತೆಂಗಿನೆಣ್ಣೆ ಅಷ್ಟು ಸುಲಭದಲ್ಲಿ ರಾಳ ಕಟ್ಟುವುದಿಲ್ಲ, ಆದರೆ 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಫಿಲ್ಟರಿನಲ್ಲಿ ಬಿಳಿಯ ಮೇಣದ ಹಾಗೆ ಕಾಣುವುದು ಅದೇ. ಹೆದರುವುದು ಬೇಡ. ಬಿಸಿನೀರು ಮತ್ತು ಲಿಕ್ವಿಡ್ ಸಾಕು, ಸೋಡಾ ಬೇಡ. ಮಂಗಳೂರು, ಉಡುಪಿ ಕಡೆ ಹೆಚ್ಚು ಜಾಗ್ರತೆ ಬೇಕಾದದ್ದು ತುಕ್ಕಿಗೆ. ಉಪ್ಪಿನ ಗಾಳಿಯಲ್ಲಿ ಕಡಿಮೆ ದರ್ಜೆಯ ಸ್ಟೀಲ್ ಬೇಗ ಚುಕ್ಕೆ ಹಿಡಿಯುತ್ತದೆ. ತೊಳೆದ ಫಿಲ್ಟರನ್ನು ನೀರಿಳಿಯಲು ಬಿಟ್ಟು ಮರೆಯಬಾರದು, ಕೂಡಲೇ ಬಟ್ಟೆಯಲ್ಲಿ ಒರೆಸಿ ಫ್ಯಾನಿನಡಿ ಇಡಿ. ಮಳೆಗಾಲದಲ್ಲಿ ಮಡಿಕೆಯ ಒಳಗೆ ನೀರು ಎರಡು ದಿನವಾದರೂ ಆರುವುದಿಲ್ಲ ಮಾರಾಯ್ರೆ.

ಹೊಸ_ಫ್ಲಾಟು
ಫಿಲ್ಟರೇ ಇಲ್ಲದ ಆಟೋ ಕ್ಲೀನ್ ಚಿಮ್ನಿಗೆ ಏನಾದರೂ ಮಾಡಬೇಕೇ? ಅಂಗಡಿಯಲ್ಲಿ ಏನೂ ಬೇಡ ಎಂದಿದ್ದರು.

ಮೈಸೂರು_ಒರಳು
ಬೇಕು. ಆಟೋ ಕ್ಲೀನ್ ಬಟನ್ ಒತ್ತಿದರೆ ಬ್ಲೋವರ್ ಸುತ್ತಲಿನ ಹೀಟರ್ ಹತ್ತು–ಹದಿನೈದು ನಿಮಿಷ ಕಾದು ಎಣ್ಣೆಯನ್ನು ತೆಳುಮಾಡಿ ಕೆಳಗಿನ ಬಟ್ಟಲಿಗೆ ಇಳಿಸುತ್ತದೆ. ಅದು ಕರಗಿಸಬಲ್ಲದ್ದು ಹೊಸ ಜಿಡ್ಡನ್ನು ಮಾತ್ರ. ಮೇಲೆ ಹೇಳಿದ ರಾಳ ಬಿಸಿಗೆ ಕರಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಆರು ತಿಂಗಳು ಮುಟ್ಟದೆ ಬಿಟ್ಟು ಒಮ್ಮೆಲೇ ಹತ್ತು ಸಲ ಒತ್ತಿದರೆ ಉಪಯೋಗವಿಲ್ಲದಿರುವುದು ಇದಕ್ಕೇ. ಕರಿಯುವುದು ಹೆಚ್ಚಿದ್ದರೆ ವಾರಕ್ಕೊಮ್ಮೆ, ಇಲ್ಲದಿದ್ದರೆ 15 ದಿನಕ್ಕೊಮ್ಮೆ ಒತ್ತಿ. ಒಲೆ ಆರಿಸಿಯೇ ಒತ್ತಬೇಕು. ಬಟ್ಟಲು ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ. ತುಂಬಿ ಹರಿದರೆ ಎಣ್ಣೆ ನೇರ ಉರಿಯ ಮೇಲೆ ಬೀಳುತ್ತದೆ. ಬಟ್ಟಲು ಇಡುವ ಜಾಗದ ಸುತ್ತ, ಬ್ಲೋವರ್ ಬಾಯಿಯ ಅಂಚಿನಲ್ಲಿ ಕೈಯಲ್ಲೇ ಒರೆಸಬೇಕು, ಅಲ್ಲಿಗೆ ಹೀಟರಿನ ಬಿಸಿ ತಲುಪುವುದಿಲ್ಲ.

ಡಕ್ಟ್ ಇಲ್ಲದೆ ಗಾಳಿಯನ್ನು ಒಳಗೇ ಬಿಡುವ ಮಾದರಿಯಾದರೆ ಇದ್ದಿಲಿನ ಫಿಲ್ಟರ್ ಇರುತ್ತದೆ. ಸಾಮಾನ್ಯವಾಗಿ ಅದನ್ನು ತೊಳೆಯಬಾರದು, ಮೂರರಿಂದ ಆರು ತಿಂಗಳಿಗೊಮ್ಮೆ ಬದಲಿಸಬೇಕು.

ತೊಳೆದ_ಮುತ್ತು
ಟಾಯ್ಲೆಟ್ ಕ್ಲೀನರ್ ಹಚ್ಚಿದರೆ ಥಟ್ಟನೆ ಬಿಡುತ್ತದಂತೆ. ಇನ್ನೊಬ್ಬರು ಸೀಮೆಎಣ್ಣೆ ಎನ್ನುತ್ತಾರೆ.

ಸೋಡಾ_ಸೀಗೆ
ಎರಡೂ ದಯವಿಟ್ಟು ಬೇಡ. ಟಾಯ್ಲೆಟ್ ಕ್ಲೀನರುಗಳಲ್ಲಿ ಹೆಚ್ಚಿನವು ಹೈಡ್ರೋಕ್ಲೋರಿಕ್ ಆಮ್ಲ. ಆಮ್ಲಕ್ಕೆ ಜಿಡ್ಡು ಬಿಡುವುದಿಲ್ಲ, ಅದರಲ್ಲಿರುವ ಕ್ಲೋರೈಡ್ ಸ್ಟೀಲಿನ ಮೇಲಿನ ರಕ್ಷಣೆಯ ತೆಳುಪದರವನ್ನು ತೂತು ಮಾಡಿ ಸೂಜಿಮೊನೆಯಂಥ ಗುಂಡಿಗಳನ್ನು ಬೀಳಿಸುತ್ತದೆ. ಬ್ಲೀಚಿನಿಂದಲೂ ಇದೇ ಹಾನಿ. ಆಮ್ಲದ ಕ್ಲೀನರ್ ಮತ್ತು ಬ್ಲೀಚ್ ಒಂದೇ ಬಕೆಟಿಗೆ ಬಿದ್ದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಜೀವಕ್ಕೇ ಕುತ್ತು. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಜಿಡ್ಡನ್ನು ಕರಗಿಸುವುದು ನಿಜ. ಆದರೆ ಮಡಿಕೆಯೊಳಗೆ ಉಳಿದದ್ದರ ಆವಿ ಒಲೆಯ ಉರಿಗೆ ಹತ್ತಿಕೊಳ್ಳುತ್ತದೆ.

ಸರ್ವೀಸಿನವರು ಕಾಸ್ಟಿಕ್ ತಂದರೆ, ಬ್ಲೋವರ್ ಯಾವ ಲೋಹದ್ದು ಎಂದು ಮೊದಲು ಕೇಳಿ. ದ್ರಾವಣ ಮಾಡುವಾಗ ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಸುರಿದರೆ ಒಮ್ಮೆಲೇ ಕುದಿದು ಸಿಡಿಯುತ್ತದೆ. ಮೈಮೇಲೆ ಬಿದ್ದರೆ ವಿನೆಗರ್ ಹಚ್ಚಲು ಹೋಗದೆ, ಬಿದ್ದ ಬಟ್ಟೆ ಕಳಚಿ, ನಲ್ಲಿ ನೀರಿನಡಿ ಕನಿಷ್ಠ 20 ನಿಮಿಷ ಹಿಡಿಯಿರಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡುವ ಏರ್ಪಾಡು ಮಾಡಿ.

ಮೈಸೂರು_ಒರಳು
ಹೊರಮೈ ಬಗ್ಗೆ ಚುಟುಕಾಗಿ. ಸ್ಟೀಲ್ ಮೈಯನ್ನು ಅದರ ಗೆರೆಗಳ ದಿಕ್ಕಿನಲ್ಲೇ ಒರೆಸಬೇಕು. ಕಪ್ಪು ಬಣ್ಣದ ಮೈಗೆ ಸೋಡಾ ಹೊತ್ತುಗಟ್ಟಲೆ ಬಿಟ್ಟರೆ ಬಣ್ಣ ಮಂಕಾಗುತ್ತದೆ, ಲಿಕ್ವಿಡ್ ಸಾಕು. ಗಾಜು ಬಿಸಿಯಿದ್ದಾಗ ತಣ್ಣೀರು ತಾಗಿಸಬೇಡಿ. ಟಚ್ ಬಟನ್ ಸುತ್ತ ಹಿಂಡಿದ ಬಟ್ಟೆ ಮಾತ್ರ. ಚಿಮ್ನಿಯ ನೆತ್ತಿಯ ಮೇಲೆ ಧೂಳು ಸೇರಿ ಕಂಬಳಿಯಂತಾದ ಜಿಡ್ಡಿಗೆ ಬಿಸಿ ಸೋಪುನೀರಿನಲ್ಲಿ ಅದ್ದಿದ ಹಳೆ ಟವೆಲ್ಲನ್ನು ಅರ್ಧ ಗಂಟೆ ಹೊದಿಸಿಡಿ, ಆಮೇಲೆ ಒಂದೇ ಎಳೆತಕ್ಕೆ ಸುರುಳಿಯಾಗಿ ಬರುತ್ತದೆ. ಒರೆಸಿದ ಮೇಲೆ ಅಲ್ಲಿ ಪೇಪರ್ ಹಾಸಿ ತಿಂಗಳಿಗೊಮ್ಮೆ ಬದಲಿಸುವವರಿದ್ದಾರೆ. ಡಕ್ಟಿನ ಪಕ್ಕದಲ್ಲಿ ಎಣ್ಣೆ ಕುಡಿದ ಪೇಪರ್ ಇಡುವುದು ನನಗೆ ಸರಿ ಕಾಣುವುದಿಲ್ಲ.

ಒಗ್ಗರಣೆ_ಸೌಟು
100 ಗ್ರಾಂ ಸೋಡಾ, ಎರಡೂವರೆ ಗಂಟೆ. ಕಂದು ಪದರ ಹೇಳಿದಂತೆಯೇ ಸುಕ್ಕಾಗಿ ಎದ್ದಿತು. ಒಂದು ಮೂಲೆಯಲ್ಲಿ ಬೆರಳುಗುರಿನಷ್ಟು ಉಳಿದಿದೆ. ಒಣಗಿದ ಮೇಲೆ ಇಡೀ ಫಿಲ್ಟರ್ ಮೇಲೆ ಬಿಳಿ ಪುಡಿಯ ಹಾಗೆ ಕಾಣುತ್ತಿದೆ. ನೀರು ಬೋರ್‌ವೆಲ್‌ದು. ಫಿಲ್ಟರ್ ಇಲ್ಲದೆ ಪೇಪರ್ ಪರೀಕ್ಷೆ ಮಾಡಿದರೆ ಎಳೆತ ಸಡಿಲವೇ ಇದೆ.

ಸೋಡಾ_ಸೀಗೆ
ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ. ವಾಷಿಂಗ್ ಸೋಡಾ ಅದನ್ನು ಸುಣ್ಣದ ಪುಡಿಯಾಗಿ ಕೆಳಗಿಳಿಸುತ್ತದೆ, ನಿಮಗೆ ಕಾಣುತ್ತಿರುವುದು ಅದೇ. ಈಗ ನಿಂಬೆಯ ಸರದಿ ಬಂತು. ಒಂದು ಲೋಟ ನೀರಿಗೆ ಒಂದು ನಿಂಬೆಹಣ್ಣಿನ ರಸ ಅಥವಾ ಕಾಲು ಲೋಟ ಬಿಳಿ ವಿನೆಗರ್ ಬೆರೆಸಿ, ಬಟ್ಟೆಯಲ್ಲಿ ಒರೆಸಿ, ಐದು ನಿಮಿಷದೊಳಗೆ ಚೆನ್ನಾಗಿ ತೊಳೆದು ಒಣಬಟ್ಟೆಯಲ್ಲಿ ಒರೆಸಿಡಿ. ಉಳಿದ ಆ ಮೂಲೆಗೆ ಇಡೀ ಫಿಲ್ಟರ್ ನೆನೆಸಬೇಕಿಲ್ಲ. ಸೋಡಾ ಪುಡಿಗೆ ಎರಡು ಚಮಚ ಬಿಸಿನೀರು ಕಲಸಿ ಇಡ್ಲಿ ಹಿಟ್ಟಿನ ಹದಕ್ಕೆ ತಂದು ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯಿಡೀ ಬಿಡಿ. ಒಣಗದಂತೆ ನೋಡಿಕೊಂಡರೆ ಸಾಕು. ಇದನ್ನು ಮುಗಿಸಿ ಆಮೇಲೆ ನಿಂಬೆ ಒರೆಸಿ. ಹಿಂದುಮುಂದಾದರೆ ಸೋಡಾದ ಬಲ ನಿಂಬೆಗೇ ಖರ್ಚಾಗುತ್ತದೆ.

ಹುಬ್ಬಳ್ಳಿ_ಬ್ಲೋವರ್
ಎಳೆತ ಇನ್ನೂ ಸಡಿಲ ಅಂದ್ರ ಫ್ಲ್ಯಾಪ್ ನೋಡ್ರಿ ಮೊದ್ಲ. ಹೊರಗ ಗೋಡಿ ಬಾಯಿ ಹತ್ರ ಒಬ್ರು ಕೈ ಹಿಡದು ನಿಂದರ್ರಿ, ಒಳಗ ಒಬ್ರು ಸ್ಪೀಡ್ ಒಂದ್ರಿಂದ ಮೂರಕ್ಕ ಏರಸ್ರಿ. ಹೊರಗ ಗಾಳಿ ಹೆಚ್ಚಾಗಲಿಲ್ಲ, ಒಳಗ ಸದ್ದು ಮಾತ್ರ ಹೆಚ್ಚಾತಂದ್ರ ಫ್ಲ್ಯಾಪ್ ಇಲ್ಲಾ ಡಕ್ಟ್ ಕಟ್ಟೇದ. ಗಾಳಿ ಹೆಚ್ಚಾಗ್ತದ ಆದ್ರ ನಡಗಿ ನಡಗಿ ಬರ್ತದಂದ್ರ ಗಾಲಿ ಬಿಚ್ಚಿ ತೊಳೀರಿ. ಮತ್ತ ಇನ್ನೊಂದು, ಪರೀಕ್ಷಾ ಮಾಡುವಾಗ ಅಡಗಿಮನಿ ಬಾಗಲಾ ಕಿಟಕಿ ಎಲ್ಲಾ ಮುಚ್ಚಿರಬಾರದು. ಒಳಗ ಬರೋ ಗಾಳಿ ಇಲ್ಲಂದ್ರ ಹೊಸಾ ಚಿಮ್ನೀನೂ ಎಳಿಯಂಗಿಲ್ಲ. ದೂರದ ಒಂದು ಕಿಟಕಿ ನಾಲ್ಕು ಬೆರಳು ತೆರದು ಇಡ್ರಿ, ಒಲಿ ಪಕ್ಕದ್ದು ಬ್ಯಾಡ, ಅದು ಹೊಗಿಯನ್ನ ಚಿಮ್ನಿಗೆ ಮುಟ್ಟೋಕಿಂತ ಮೊದ್ಲ ಚದರಸ್ತದ.

ಒಗ್ಗರಣೆ_ಸೌಟು
ಫ್ಲ್ಯಾಪೇ. ಎರಡು ರೆಕ್ಕೆಯಲ್ಲಿ ಎಡಗಡೆಯದು ಪೂರ್ತಿ ಮುಚ್ಚಿ ಅಂಟಿಕೊಂಡಿತ್ತು. ಲಿಕ್ವಿಡ್ ಬಟ್ಟೆಯಲ್ಲಿ ಒರೆಸಿ ಸಡಿಲಿಸಿದ ಮೇಲೆ ಎರಡನೇ ಸ್ಪೀಡಿನಲ್ಲೇ ಪೇಪರನ್ನು ಜೋರಾಗಿ ಎಳೆಯುತ್ತಿದೆ. ಫಿಲ್ಟರ್ ವಾಪಸ್ ಹಾಕುವಾಗ ತೂತುಗಳಿರುವ ಅಂಚು ಯಾವ ಕಡೆ ಬರಬೇಕು?

ಮೈಸೂರು_ಒರಳು
ಕೆಳಗಡೆ, ಎಣ್ಣೆ ತಟ್ಟೆಯ ಕಡೆಗೆ. ಮಡಿಕೆಗಳು ಮೇಲಿಂದ ಕೆಳಕ್ಕೆ ಓಡಬೇಕು, ಅಡ್ಡಡ್ಡ ಅಲ್ಲ. ತಿರುಗುಮುರುಗಾದರೆ ಎಣ್ಣೆ ತಟ್ಟೆಗೆ ಇಳಿಯದೆ ಮಡಿಕೆಯಲ್ಲೇ ನಿಂತು ಮತ್ತೆ ರಾಳವಾಗುತ್ತದೆ. ಹಾಕುವ ಮೊದಲು ಒಮ್ಮೆ ಓರೆಯಾಗಿ ಹಿಡಿದು ತಟ್ಟಿ ನೋಡಿ. ಒಂದು ಹನಿ ನೀರು ಬಿದ್ದರೂ ಇನ್ನೂ ಎರಡು ಗಂಟೆ ಬಿಸಿಲಿಗಿಡಿ.